ಎಂಬತ್ತಡಿ ರಸ್ತೆಯವರಿಗೆ: ಕಸ್ತೂರಮ್ಮನವರನ್ನು ನಡೆದು ಮನೆಗೆ ಹೋಗಗೊಡುವ ಕುರಿತು

ಮಂಡಕ್ಕಿ ಭಟ್ಟಿ ಸಾಲು,
ವಿನೋಬನಗರದ ಹಿಂಬದಿ, ದಾವಣಗೆರೆ.

ಮಾನ್ಯರೇ,

ವಿನೋಬನಗರದ ಬೆನ್ನಿಗೆ ಹುಟ್ಟಿ, ಹರಿಹರದ ದಿಕ್ಕಿಗೆ ಮುಖ ಮಾಡಿ, ಹಗಲಿರುಳೆನ್ನದೆ ನಾಲ್ಕು ಸಾಲು ವಾಹನಗಳನ್ನು ಮೈಮೇಲೆ ಹೊತ್ತು, ತಮ್ಮ ಅಗಲವನ್ನೇ ಹೆಸರಾಗಿ ಇಟ್ಟುಕೊಂಡಿರುವ ಶ್ರೀ ಎಂಬತ್ತಡಿ ರಸ್ತೆಯವರ ಸನ್ನಿಧಾನಕ್ಕೆ, ತಮ್ಮ ಎಡ ದಡದ ನಿವಾಸಿಯೂ, ಮಕ್ತುಮ್ ಸಾಬರ ಮಂಡಕ್ಕಿ ಭಟ್ಟಿಯ ಸೊಸೆಯೂ, ಕನ್ನಡದಲ್ಲಿ ಬಿ.ಎ. ಪಾಸು ಮಾಡಿದ ತಪ್ಪಿಗೆ ಇಡೀ ಓಣಿಯ ಅರ್ಜಿಗಳನ್ನು ಬರೆಯುವವಳೂ ಆದ ನುಜತ್ ಚರಂಡಿಯ ಈಚೆಗೇ ನಿಂತು ಮಾಡುವ ಸಲಾಮುಗಳು. ಹತ್ತಿರ ಬಂದು ಕೈಮುಗಿಯುವುದೇ ಮರ್ಯಾದೆ ಎಂದು ನನಗೂ ಗೊತ್ತು, ಆದರೆ ಹತ್ತಿರ ಬಂದವರನ್ನು ತಾವು ಹೇಗೆ ಬರಮಾಡಿಕೊಳ್ಳುತ್ತೀರಿ ಎಂಬುದನ್ನು ಈ ವರ್ಷ ನಾಲ್ಕು ಸಲ ಕಣ್ಣಾರೆ ನೋಡಿದ್ದೇನೆ, ಆದ್ದರಿಂದ ಕ್ಷಮಿಸಬೇಕು.

ನಾನು ಈ ಮನೆಗೆ ಸೊಸೆಯಾಗಿ ಬಂದಾಗ ತಾವು ಬರೀ ಇಪ್ಪತ್ತಡಿ ಇದ್ದಿರಿ. ಮೈಮೇಲೆ ನೆಟ್ಟಗೆ ಡಾಂಬರೂ ಇರಲಿಲ್ಲ. ಮಕ್ಕಳು ತಮ್ಮ ಮೇಲೆ ಗೋಲಿ ಆಡುತ್ತಿದ್ದರು, ಕೋಳಿಗಳು ತಮಗೆ ಏನೇನು ಅಪಚಾರ ಮಾಡುತ್ತಿದ್ದವೆಂದು ಬಹಿರಂಗ ಪತ್ರದಲ್ಲಿ ಬರೆಯಲಾರೆ, ಎದುರು ಮನೆಯವರ ಸಾರಿನ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು. ಈಗ ನೋಡಿ, ಎಷ್ಟು ಬೆಳೆದಿರಿ! ಎಂಬತ್ತಡಿ! ನಡುವಿಗೆ ಗೋಡೆ, ತಲೆಗೆ ದೀಪದ ಸಾಲು. ನಮ್ಮ ಕಣ್ಣೆದುರೇ ಓಡಾಡಿಕೊಂಡಿದ್ದವರು ಇಷ್ಟು ದೊಡ್ಡವರಾದರೆ ಯಾರಿಗೆ ತಾನೇ ಸಂತೋಷವಾಗುವುದಿಲ್ಲ? ತಮಗೆ ದೃಷ್ಟಿ ತಾಗದಿರಲಿ ಎಂದು ನಮ್ಮ ಮಾವನವರು ಗೋಡೆಯ ತುದಿಗೆ ಒಂದು ಹಳೆಯ ಚಪ್ಪಲಿ ಕಟ್ಟಿ ಬಂದಿದ್ದಾರೆ.

ವಿಷಯ ಒಂದೇ. ನಮ್ಮ ಭಟ್ಟಿಯಲ್ಲಿ ಮೂವತ್ತೊಂದು ವರ್ಷಗಳಿಂದ ದುಡಿಯುವ ಕಸ್ತೂರಮ್ಮನವರು ಹನ್ನೊಂದು ದಿನಗಳಿಂದ ನಮ್ಮ ಪಡಸಾಲೆಯಲ್ಲಿ ಮಲಗುತ್ತಿದ್ದಾರೆ. ಅವರ ಮನೆ ಇರುವುದು ತಮ್ಮ ಬಲ ದಡದಲ್ಲಿ, ನಮ್ಮ ಬಾಗಿಲಿಗೆ ನೇರ ಎದುರು, ನೀಲಿ ಬಣ್ಣದ ಬಾಗಿಲು. ಇಲ್ಲಿ ಕೂತರೆ ಆ ಬಾಗಿಲ ಚಿಲಕವೂ ಕಾಣುತ್ತದೆ. ಅವರಿಗೆ ಮನೆಗೆ ಹೋಗಬೇಕಾಗಿದೆ. ತಾವು ದಾರಿ ಬಿಡಬೇಕು. ಪತ್ರ ಉದ್ದವಿದ್ದರೂ ಕೇಳುತ್ತಿರುವುದು ಇಷ್ಟೇ.

ಆಟೋ ಹತ್ತಬಾರದೇ ಎಂದು ತಾವು ಕೇಳಬಹುದು. ಆಟೋದ ಖಲೀಲ್ ದಿನಕ್ಕೆ ಎರಡು ಸಲ ನಮ್ಮ ಬಾಗಿಲಿಗೆ ಬಂದು, ದುಡ್ಡು ಬೇಡ, ಅಮ್ಮ ಬಂದು ಕೂತರೆ ಸಾಕು ಎಂದು ಗೋಗರೆಯುತ್ತಾನೆ. ಕಸ್ತೂರಮ್ಮನವರ ಉತ್ತರ ಮಾತ್ರ ಬದಲಾಗಿಲ್ಲ: "ಎದುರ್ ಮನಿಗೆ ಆಟೋದಾಗ ಹೋದ್ರೆ ಆ ರೋಡು ಗೆದ್ದಂಗೆ ಆತಲ್ಲೋ ಖಲೀಲ. ಮೂವತ್ತೊಂದು ವರ್ಸ ನಡ್ಕಂಡು ಬಂದೀನಿ, ನಡ್ಕಂಡೇ ಹೋಗ್ತೀನಿ. ಬ್ಯಾಡ ಅಂದ್ರೆ ಬ್ಯಾಡ." ತಮ್ಮನ್ನು ಅವರು ಏಕವಚನದಲ್ಲಿ ಕರೆಯುತ್ತಾರೆ. ಹಳೆಯ ಪರಿಚಯ, ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ದೂರಿಗೆ ಮೊದಲು ತಮ್ಮ ವಿನ್ಯಾಸವನ್ನು ಹೊಗಳದಿದ್ದರೆ ನನ್ನ ಪೆನ್ನಿಗೆ ಸಮಾಧಾನವಿಲ್ಲ. ತಮ್ಮ ಎರಡೂ ಬದಿಗೆ ನಡೆಯುವವರಿಗೆಂದು ಹೆಂಚು ಹಾಸಿದ ದಾರಿ ಇದೆ. ಅದು ಎಷ್ಟು ಎತ್ತರವೆಂದರೆ ಹತ್ತಬೇಕಾದರೆ ಯಾರಾದರೂ ಮೇಲಿನಿಂದ ಕೈ ಕೊಡಬೇಕು, ಹತ್ತಿದ ಮೇಲೆ ಮೊದಲು ಸಿಗುವುದು ಟ್ರಾನ್ಸ್‌ಫಾರ್ಮರ್, ಆಮೇಲೆ ಕಾರು ಅಂಗಡಿಯವರ ಹೊಸ ಕಾರುಗಳು, ಆಮೇಲೆ ಕಲ್ಯಾಣ ಮಂಟಪದವರ ಜನರೇಟರ್. ಕಾರುಗಳು ನಿಲ್ಲಲು ಒಳ್ಳೆಯ ನೆರಳು ನೋಡಿ ಹೆಂಚು ಹಾಸಿ, ನಡೆಯುವವರನ್ನು ಕಾರುಗಳು ಓಡುವ ಕಡೆಗೆ ಕಳಿಸಿರುವುದು ಸಾಮಾನ್ಯರ ತಲೆಗೆ ಹೊಳೆಯುವ ಉಪಾಯವಲ್ಲ. ಮೊದಲು ಭಟ್ಟಿ, ಕಣ, ಶಾಲೆ, ಹಾಲಿನ ಅಂಗಡಿ, ಮನೆ ಎಲ್ಲ ಒಂದಕ್ಕೊಂದು ಒತ್ತಿಕೊಂಡಿದ್ದವು. ತಾವು ಅಗಲವಾಗುವ ಭರದಲ್ಲಿ ನಮ್ಮ ಭತ್ತ ಒಣಗಿಸುವ ಕಣದ ಅರ್ಧವನ್ನು ತಾವು ತೆಗೆದುಕೊಂಡಿರಿ, ಇನ್ನು ಕಾಲು ಭಾಗ ಕಾರು ನಿಲ್ಲಿಸುವ ಜಾಗವಾಯಿತು, ಶಾಲೆ ಆಚೆ ಹೋಯಿತು, ಪಡಿತರ ಅಂಗಡಿ ಆಚೆ ಹೋಯಿತು, ಹಾಲೂ ಆಚೆ ಹೋಯಿತು. ಈಗ ಬೇಕಾದದ್ದೆಲ್ಲ ಆ ಕಡೆ ಇದೆ, ಬೇಕಾದವರೆಲ್ಲ ಈ ಕಡೆ ಇದ್ದೇವೆ. ಇಷ್ಟು ಅಚ್ಚುಕಟ್ಟಾಗಿ ಹಂಚಿದವರು ಯಾರೆಂದು ತಿಳಿದರೆ ಒಂದು ಮೂಟೆ ಮಂಡಕ್ಕಿ ಕಳಿಸುವ ಮನಸ್ಸಿದೆ.

ಇನ್ನು ತಮ್ಮ ನಡುವಿನ ಗೋಡೆ. ಅದರಲ್ಲಿ ಒಂದೇ ಒಂದು ಕಿಂಡಿ ಇದೆ, ಅರ್ಧ ಕಿಲೋಮೀಟರ್ ದೂರದಲ್ಲಿ, ಕಲ್ಯಾಣ ಮಂಟಪದ ಹೆಬ್ಬಾಗಿಲಿಗೆ ಸರಿಯಾಗಿ, ಬೀಗರ ಕಾರುಗಳು ತಿರುಗಲೆಂದು. ಅಲ್ಲಿ ಕಿಂಡಿ ಇದೆ, ದಾಟುವವರಿಗೆ ಬಿಳಿ ಪಟ್ಟೆ ಇಲ್ಲ. ನಮ್ಮ ಭಟ್ಟಿಯ ಎದುರು ಬಿಳಿ ಪಟ್ಟೆ ಇದೆ, ಕಿಂಡಿ ಇಲ್ಲ. ಪಟ್ಟೆಗಳು ಈ ಕಡೆಯಿಂದ ನೆಟ್ಟಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತು, ಗೋಡೆಯ ಆಚೆ ಮತ್ತೆ ಶುರುವಾಗುತ್ತವೆ. ಮೈಯಲ್ಲಿ ಶಕ್ತಿ ಇರುವವರು ಗೋಡೆ ಹಾರುತ್ತಾರೆ. ಮಾರ್ಚ್ ತಿಂಗಳಲ್ಲಿ ಕಸ್ತೂರಮ್ಮನವರೂ ಹಾರಿದರು, ಹಾರಿ ಇಳಿಯುತ್ತಿದ್ದಂತೆ ಒಂದು ಬೈಕು ಬಂದು ಬಲತೊಡೆಗೆ ಗುದ್ದಿತು. ಬೈಕಿನವನು ನಿಲ್ಲಿಸಿ, "ನೋಡ್ಕಂಡು ದಾಟಬಾರ್ದೇನಮ್ಮ" ಎಂದು ಬುದ್ಧಿ ಹೇಳಿಯೇ ಮುಂದೆ ಹೋದ. ತೊಡೆಯೊಳಗೆ ಈಗ ಕಬ್ಬಿಣದ ಸರಳು ಇದೆ, ಕೈಯಲ್ಲಿ ನಾಲ್ಕು ಕಾಲಿನ ವಾಕರ್ ಇದೆ. ಮೊದಲು ಎರಡು ಕಾಲಿದ್ದವರಿಗೆ ಈಗ ಆರು ಕಾಲಾಗಿದೆ, ಇದನ್ನೂ ತಮ್ಮ ಕೊಡುಗೆಗಳ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಮಂಡಕ್ಕಿಯ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನೆನೆಸಿ ಬೇಯಿಸಿದ ಭತ್ತವನ್ನು ಕಣದಲ್ಲಿ ಹರವಿ ಒಣಗಿಸುವಾಗ ಅದನ್ನು ಕೈಯಿಂದ ತಿರುವುವುದಿಲ್ಲ. ಹೆಂಗಸರು ಬರಿಗಾಲಲ್ಲಿ ಭತ್ತದೊಳಗೆ ಪಾದ ಎಳೆಯುತ್ತ ಸಾಲು ಹೊಡೆದಂತೆ ನಡೆಯುತ್ತಾರೆ. ಹದ ಬಂದಿದೆಯೋ ಇಲ್ಲವೋ ಎಂದು ಅಂಗಾಲಿಗೆ ತಿಳಿಯುತ್ತದೆ. ಒಂದು ಗಳಿಗೆ ಮುಂಚೆ ಎತ್ತಿದರೆ ಗಿರಣಿಯಲ್ಲಿ ನುಚ್ಚು, ಒಂದು ಗಳಿಗೆ ತಡವಾದರೆ ಬಾಣಲೆಯ ಬಿಸಿ ಮರಳಿನಲ್ಲಿ ಅರಳದೆ ಮುನಿಸಿಕೊಂಡು ಕೂರುತ್ತದೆ. ನಮ್ಮ ಸಾಲಿನ ಒಂಬತ್ತು ಭಟ್ಟಿಗಳಲ್ಲಿ ಕಸ್ತೂರಮ್ಮನವರ ಅಂಗಾಲಿಗೆ ಸರಿಸಾಟಿ ಇಲ್ಲ. ಅವರು ಮಲಗಿದ್ದ ಎರಡೂವರೆ ತಿಂಗಳಲ್ಲಿ ನಾವು ಮಾಡಿದ ಮಂಡಕ್ಕಿಯನ್ನು ತಿಂದು ಗಿರಾಕಿಗಳು ಏನಂದರೆಂದು ಬರೆದರೆ ನಮ್ಮ ಮಾವನವರು ಊಟ ಬಿಡುತ್ತಾರೆ. ಆದರೂ ನಾವು ಅವರನ್ನು ಕೆಲಸಕ್ಕೆ ಕರೆದಿರಲಿಲ್ಲ. ಅವರೇ ಬರುತ್ತೇನೆಂದು ಹಟ ಹಿಡಿದಿದ್ದರು, ಮನೆಯಲ್ಲಿ ಕೂತರೆ ಕಾಲು ಕೆಲಸ ಮರೆಯುತ್ತದೆ ಎಂದು ಅವರ ಹೆದರಿಕೆ.

ಈಗ ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ತಮ್ಮ ಅಳತೆಗೆ ಬಂದವರು ನಮ್ಮ ಕಣ ಕಿತ್ತುಕೊಳ್ಳುವಾಗ "ಬದಲಿ ಕಣ ಕೊಡ್ತೀವ್ರಿ ಸಾಬ್ರೇ" ಎಂದು ಹೇಳಿ ಹೋಗಿದ್ದರು. ನಾವು ಕಾದೆವು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಭಟ್ಟಿಯ ಎದುರು, ನಯವಾದ ಕಾಂಕ್ರೀಟಿನ ಮೇಲೆ, ಹತ್ತಡಿ ಉದ್ದ ಎರಡಡಿ ಅಗಲದ ಬಿಳಿ ಪಟ್ಟೆಗಳು! ನಮ್ಮ ಮಾವನವರು ಹಲ್ಲುಜ್ಜುತ್ತಲೇ ಎಣಿಸಿದರು. ಒಂಬತ್ತು. ಭಟ್ಟಿಗಳೂ ಒಂಬತ್ತು. ಗೋಡೆಯ ಆಚೆ ಇನ್ನೂ ಒಂಬತ್ತು. "ಈ ಕಡೀವು ಬೆಳಗಿನ ಭತ್ತಕ್ಕೆ, ಆ ಕಡೀವು ಮಧ್ಯಾಹ್ನದ ಭತ್ತಕ್ಕೆ. ನೋಡ್ರಿ, ಸರ್ಕಾರ ಅಂದ್ರೆ ಹಿಂಗಿರಬೇಕು" ಎಂದು ಅವರು ಕಣ್ಣಲ್ಲಿ ನೀರು ತಂದುಕೊಂಡರು. ಅವು ಮನುಷ್ಯರು ದಾಟುವ ಜಾಗವೆಂದು ನಮಗೆ ಹೇಗೆ ಹೊಳೆಯಬೇಕಿತ್ತು, ತಾವೇ ಹೇಳಿ. ಅಲ್ಲಿ ಒಂದು ವಾಹನವೂ ಯಾರಿಗೂ ನಿಂತದ್ದನ್ನು ನಾವು ಕಂಡಿಲ್ಲ, ಮೇಲಾಗಿ ಅವು ಹೋಗಿ ಮುಟ್ಟುವುದು ಗೋಡೆಯನ್ನು. ಗೋಡೆಯವರೆಗೆ ನಡೆದು ವಾಪಸು ಬರಲು ಯಾರಾದರೂ ಬಣ್ಣ ಖರ್ಚು ಮಾಡುತ್ತಾರೆಯೇ?

ಅಂದೇ ಸೀಮೆಸುಣ್ಣದಲ್ಲಿ ಪಟ್ಟೆಗೊಂದು ಭಟ್ಟಿಯ ಹೆಸರು ಬರೆದು ಭತ್ತ ಹರವಿ ಅಂಚಿಗೆ ಕಲ್ಲು ಇಟ್ಟೆವು. ಎರಡೂ ಕಡೆ ನಡುವಿನ ಮೂರು ಮೂರು ಪಟ್ಟೆಗಳನ್ನು ತಮ್ಮ ವಾಹನಗಳಿಗೆಂದು ಬಿಟ್ಟು, ಆ ಭಟ್ಟಿಯವರ ಭತ್ತವನ್ನು ಪಕ್ಕದವರ ಪಟ್ಟೆಗೇ ಸೇರಿಸಿದೆವು, ಅಷ್ಟು ಸೌಜನ್ಯ ನಮಗೂ ಇದೆ. ಆಮೇಲೆ ಆದದ್ದನ್ನು ಬರೆಯುವಾಗ ಈಗಲೂ ನಗು ತಡೆಯಲಾರೆ. ಮಾನ್ಯರೇ, ಎಲ್ಲರೂ ನಿಂತರು! ಶಾಲೆಯ ಮಕ್ಕಳಿಗೆ ನಿಲ್ಲದವರು, ಬಸುರಿಯರಿಗೆ ನಿಲ್ಲದವರು, ಸ್ವತಃ ಟ್ರಾಫಿಕ್ ಪೊಲೀಸರಿಗೂ ನಿಲ್ಲದವರು ಭತ್ತಕ್ಕೆ ನಿಂತರು. ಹರಿಹರದ ಬಸ್ಸಿನ ಡ್ರೈವರ್ ಗಕ್ಕನೆ ಬ್ರೇಕು ಹಾಕಿ, ಇಳಿದು ಬಂದು, ಗಾಲಿಯ ಹತ್ತಿರ ಸರಿದಿದ್ದ ನಾಲ್ಕು ಕಾಳನ್ನು ಅಂಗೈಯಿಂದ ಒಳಕ್ಕೆ ತಳ್ಳಿ, "ಅನ್ನ ಐತೆ ಕಣ್ರಪಾ, ಮೆಲ್ಲಕ್ಕೆ ಬರ್ರಿ" ಎಂದು ಹಿಂದಿನವರಿಗೆ ಕೂಗಿದ. ಕಪ್ಪು ಗಾಜಿನ ಕಾರಿನವನೊಬ್ಬ ಗಾಜು ಇಳಿಸಿ, ಭತ್ತ ಯಾವ ತಳಿ ಎಂದು ಕೇಳಿ, ತಮ್ಮೂರಿನ ಗದ್ದೆಯ ಸುದ್ದಿ ಹೇಳಿ ಹೋದ. ಒಬ್ಬೊಬ್ಬರೇ ಸಾಲಾಗಿ, ಎತ್ತಿನ ಗಾಡಿಯ ವೇಗದಲ್ಲಿ ಸಾಗಿದರು. ಭತ್ತದ ಹಿಂದೆ ನಾವು ಕೈಬೀಸಿಕೊಂಡು ದಾಟಿದೆವು, ಮಕ್ಕಳು ಕುಂಟೆಬಿಲ್ಲೆ ಆಡುತ್ತ ದಾಟಿದರು. ಹದಿನೇಳು ದಿನ ತಮ್ಮ ಮೇಲೆ ಒಬ್ಬರ ಮೊಣಕಾಲೂ ತರಚಲಿಲ್ಲ.

ಇಷ್ಟು ಸುಖ ತಮಗೆ ಒಗ್ಗುವುದಿಲ್ಲವೆಂದು ತಮ್ಮ ಹಿತ ನೋಡಿಕೊಳ್ಳುವ ರಸ್ತೆ ಶಿಸ್ತು ಕಚೇರಿಗೆ ತಿಳಿಯಿತು. ಅಲ್ಲಿಂದ ಬಸವಕಿರಣ್ ಎಂಬ ಕಿರಿಯ ಎಂಜಿನಿಯರ್ ನೋಟಿಸು ತಂದರು. ಪಾಪ, ಒಳ್ಳೆಯ ಹುಡುಗ. ಜೀಪನ್ನು ಬಲ ದಡದಲ್ಲಿ ನಿಲ್ಲಿಸಿ, ಭತ್ತವಿಲ್ಲದ ಜಾಗದಲ್ಲಿ ಇಪ್ಪತ್ತು ನಿಮಿಷ ಒಂದು ಹೆಜ್ಜೆ ಮುಂದೆ ಎರಡು ಹೆಜ್ಜೆ ಹಿಂದೆ ಕುಣಿದು, ಕೊನೆಗೆ ಭತ್ತದ ಹಿಂದೆ ಬಂದು ಸುಖವಾಗಿ ದಾಟಿ, ಗೋಡೆ ಹಾರಿ, ಭತ್ತವನ್ನು ಮೂರು ದಿನದಲ್ಲಿ ತೆಗೆಯತಕ್ಕದ್ದು ಎಂಬ ಕಾಗದವನ್ನು ನನ್ನ ಕೈಗೆ ಕೊಟ್ಟರು. ಪಟ್ಟೆಗಳ ನಿಜವಾದ ಉಪಯೋಗವನ್ನೂ ಅವರೇ ವಿವರಿಸಿದರು. ಮಾವನವರು, "ಹಂಗಾದ್ರೆ ಗೋಡೆ ಯಾಕ ಕಟ್ಟೀರಿ ಸಾಹೇಬ್ರೆ?" ಎಂದು ಕೇಳಿದರು. ಗೋಡೆಯ ಫೈಲು ಬೇರೆ ಟೇಬಲ್ಲಿನದೆಂದು ಹೇಳಿ ಎಂಜಿನಿಯರು ಒಂದು ಲೋಟ ಚಹಾ ಕುಡಿದು, ಭತ್ತದ ಹಿಂದೆಯೇ ವಾಪಸು ಹೋದರು.

ಮೂರನೆಯ ದಿನ ಅಮಾವಾಸ್ಯೆ. ಭತ್ತ ಮಧ್ಯಾಹ್ನಕ್ಕೆ ಹೋಗುತ್ತದೆಂದು ಕೇಳಿ, ಬೆಳಿಗ್ಗೆ ಎಂಟಕ್ಕೆ ನೀಲಿ ಬಾಗಿಲು ತೆರೆದು ಕಸ್ತೂರಮ್ಮನವರು ವಾಕರ್ ಹಿಡಿದು ಹೊರಬಿದ್ದರು. ಭತ್ತದ ಹಿಂದೆ ಟಕ್ ಟಕ್ ಎಂದು ಗೋಡೆಯವರೆಗೆ ಬಂದರು, ಅಲ್ಲಿ ನಿಂತರು. ಅಮಾವಾಸ್ಯೆಯ ದೇವರ ದರ್ಶನಕ್ಕೆ ಉಕ್ಕಡಗಾತ್ರಿಗೆ ಹೊರಟಿದ್ದ ಒಂದು ಟ್ರ್ಯಾಕ್ಟರು ಹೇಗೂ ಭತ್ತಕ್ಕೆಂದು ನಿಂತಿತ್ತು. ಅದರಲ್ಲಿದ್ದ ನಾಲ್ವರು ಧುಮುಕಿ, ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರನ್ನು ಕೂರಿಸಿ, "ಕರಿಬಸವೇಶ್ವರ ಮಹಾರಾಜ್ ಕೀ" ಎಂದು ಕೂಗಿ, ವಾಕರ್ ಸಮೇತ ಗೋಡೆ ದಾಟಿಸಿ ಇಳಿಸಿದರು. ಭಟ್ಟಿಯ ಹಿಂದೆ ಉಳಿದಿರುವ ತುಂಡು ಕಣದಲ್ಲಿ ಅವರು ಅಂದು ಎಡಗಾಲನ್ನು ಭತ್ತದೊಳಗೆ ಎಳೆದ ಸಂಭ್ರಮವನ್ನು ತಾವು ನೋಡಬೇಕಿತ್ತು. ಅತ್ತ ಹನ್ನೆರಡಕ್ಕೆ ಕಚೇರಿಯ ಲಾರಿ ಬಂತು, ಭತ್ತ ಹೋಯಿತು, ಕಲ್ಲೂ ಹೋದವು. ಸಂಜೆ ಆರಕ್ಕೆ ಕಸ್ತೂರಮ್ಮನವರು ಸೆರಗು ಕೊಡವಿಕೊಂಡು ಬಾಗಿಲಿಗೆ ಬಂದರೆ ತಾವು ಎಂದಿನಂತೆ ಮೊರೆಯುತ್ತಿದ್ದಿರಿ.

ಅಂದಿನಿಂದ ಅವರು ನಮ್ಮ ಅತಿಥಿ. ಅವರ ಮನೆಯವರು ಎಸೆಯುವ ಸೀರೆಗಳು ತಮ್ಮ ಮೇಲಿನಿಂದ ಗಂಟಾಗಿ ಹಾರಿ ಬರುತ್ತವೆ. ಒಂದು ಗಂಟು ಹರಿಹರಕ್ಕೆ ಹೋಗುವ ಲಾರಿಯ ಮೇಲೆ ಬಿದ್ದು ಇಷ್ಟರಲ್ಲಿ ತುಂಗಭದ್ರೆಯನ್ನೂ ದಾಟಿರಬೇಕು. ಹಗಲು ನಗಾಡಿಕೊಂಡೇ ಇರುತ್ತಾರೆ. ಸಂಜೆ ಮಾತ್ರ ಮೊಮ್ಮಗಳು ಪೂಜಾ, ಎರಡನೇ ಕ್ಲಾಸಿನವಳು, ಆ ನೀಲಿ ಬಾಗಿಲಲ್ಲಿ ನಿಂತು ಏನೋ ಕೂಗುತ್ತಾಳೆ, ಹಾರ್ನುಗಳ ನಡುವೆ ಒಂದು ಅಕ್ಷರವೂ ಕೇಳುವುದಿಲ್ಲ. ಇವರು ಕೈ ಎತ್ತಿ ಆಡಿಸಿ ಒಳಗೆ ಬಂದು ಪಡಸಾಲೆಯ ಗೋಡೆಯ ಕಡೆ ಮುಖ ಮಾಡಿ ಕೂರುತ್ತಾರೆ. ಮೊನ್ನೆ, "ಕೂಸು ಏನ್ ಹೇಳ್ತು ಅಂತ ತಿಳೀಲಿಲ್ಲ ನೋಡು ನುಜತ್" ಎಂದು ಅತ್ತರು. ನನಗೂ ಅಳು ಬಂತು, ಸಿಟ್ಟೂ ಬಂತು, ಆ ಸಿಟ್ಟಿನಲ್ಲೇ ಈ ಪತ್ರಕ್ಕೆ ಕೂತಿದ್ದೇನೆ.

ಆದ್ದರಿಂದ ತಮ್ಮಲ್ಲಿ ಪ್ರಾರ್ಥನೆ ಏನೆಂದರೆ, ಮನುಷ್ಯರಿಗೆ ನಿಲ್ಲುವುದು ತಮ್ಮ ಘನತೆಗೆ ಕುಂದಾದರೆ, ದಯಮಾಡಿ ಈ ಓಣಿಯ ನಡೆಯುವವರನ್ನೆಲ್ಲ ಭತ್ತವೆಂದು ದಾಖಲು ಮಾಡಿಕೊಳ್ಳಬೇಕು. ತೇವಾಂಶ ಪರೀಕ್ಷೆಗೆ ನಾವು ಸಿದ್ಧರಿದ್ದೇವೆ, ಹೊಟ್ಟು ತೂರಿಸಿಕೊಂಡು ಬರಲೂ ತಕರಾರಿಲ್ಲ. ಅದಾಗದಿದ್ದರೆ ಕಸ್ತೂರಮ್ಮನವರ ಸುತ್ತ ಆರು ಕಲ್ಲು ಇಡಲು ಅಪ್ಪಣೆಯಾಗಲಿ, ಅವರು ಒಂದು ಹೆಜ್ಜೆ ಇಟ್ಟಂತೆ ಕಲ್ಲನ್ನೂ ಒಂದು ಹೆಜ್ಜೆ ಸರಿಸುತ್ತೇವೆ, ರಾತ್ರಿಯೊಳಗೆ ಮನೆ ಮುಟ್ಟಬಹುದು. ಅದೂ ಕಷ್ಟವೆನಿಸಿದರೆ, ದಿನಾ ಸಂಜೆ ಆರರಿಂದ ಆರೂವರೆಯವರೆಗೆ, ಬರೀ ಅರ್ಧ ತಾಸು, ತಾವು ಮತ್ತೆ ಇಪ್ಪತ್ತಡಿಯಾಗಬೇಕು. ದೊಡ್ಡವರು ಒಮ್ಮೊಮ್ಮೆ ಬಿಗಿ ಅಂಗಿ ಬಿಚ್ಚಿ ಪಂಚೆ ಸುತ್ತಿಕೊಂಡು ಕೂರುವುದಿಲ್ಲವೇ, ಹಾಗೆ. ಯಾರೂ ನೋಡುವುದಿಲ್ಲ, ನೋಡಿದರೂ ನಾವು ಹೇಳುವುದಿಲ್ಲ ಎಂದು

ಇಷ್ಟು ಬರೆಯುವಷ್ಟರಲ್ಲಿ ಬ್ಯಾಂಡಿನ ಸದ್ದು ಕೇಳಿ ಪೆನ್ನು ಕೆಳಗಿಟ್ಟು ಎದ್ದೆ. ಮುಂದಿನದನ್ನು ಸಂಜೆ ಬರೆಯುತ್ತಿದ್ದೇನೆ, ಕೈಗೆ ಇನ್ನೂ ಹೋಳಿಗೆಯ ತುಪ್ಪದ ವಾಸನೆ ಇದೆ, ಕಾಗದದ ಮೇಲೆ ಕಲೆ ಕಂಡರೆ ಮನ್ನಿಸಬೇಕು.

ನಮ್ಮ ಬದಿಯ ಗುಡಿಯಿಂದ ಮದುವೆ ಗಂಡಿನ ಮೆರವಣಿಗೆ ಹೊರಟಿತ್ತು, ಕಲ್ಯಾಣ ಮಂಟಪಕ್ಕೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಸ್ತೂರಮ್ಮನವರು ಒಮ್ಮೆಲೇ ನನ್ನ ಕೈ ಹಿಡಿದರು. "ನುಜತ್, ಅಲ್ನೋಡು. ಪೊಲೀಸಪ್ಪ ಕೈ ಅಡ್ಡ ಹಿಡಿದಾನೆ. ಎಲ್ಲಾ ನಿಂತಾವೆ!" ನಿಜ, ಮಾನ್ಯರೇ. ತಮ್ಮ ನಾಲ್ಕೂ ಸಾಲು ನಿಂತಿದ್ದವು, ಲಾರಿಗಳೂ ಬಾಯಿ ಮುಚ್ಚಿಕೊಂಡಿದ್ದವು. ನಾನು ಏನೂ ಯೋಚಿಸಲಿಲ್ಲ. ಹಳದಿ ದುಪಟ್ಟಾ ಹೊದ್ದೆ, ಮಾವನವರು ವಾಕರಿಗೆ ಚೆಂಡು ಹೂವಿನ ಮಾಲೆ ಸುತ್ತಿದರು, ನಾವು ಬ್ಯಾಂಡಿನ ಹಿಂದೆ, ಕುಣಿಯುವ ಹುಡುಗರ ನಡುವೆ ಸೇರಿಕೊಂಡೆವು. ಅರ್ಧ ಕಿಲೋಮೀಟರು, ತಮ್ಮ ನಟ್ಟ ನಡುವೆ! ಮೆರವಣಿಗೆ ಹತ್ತು ಹೆಜ್ಜೆಗೊಮ್ಮೆ ನಿಂತು ಕುಣಿಯುವುದರಿಂದ ವಾಕರಿನ ವೇಗವೇ ಮುಂದಾಯಿತು, ಎರಡು ಸಲ ಕಸ್ತೂರಮ್ಮನವರು ಗಂಡಿನ ಕುದುರೆಗಾಗಿ ಕಾಯಬೇಕಾಯಿತು. ತಮಟೆಯವನು ಅವರೆದುರು ಮಂಡಿಯೂರಿ ಬಾರಿಸಿದ. ಅವರು ವಾಕರ್ ಎತ್ತಿ ಎತ್ತಿ ಇಟ್ಟರು. ಅದು ಕುಣಿತವೆಂದು ಎಲ್ಲರೂ ಚಪ್ಪಾಳೆ ಹೊಡೆದರು, ಕುಣಿತವೇ ಇರಬೇಕು, ಮುಖ ಹಾಗೆ ಅರಳಿತ್ತು.

ಗಂಡಿನವರು ನಮ್ಮನ್ನು ಹೆಣ್ಣಿನವರೆಂದುಕೊಂಡರು, ಹೆಣ್ಣಿನವರು ಗಂಡಿನವರೆಂದುಕೊಂಡರು. ಕಿಂಡಿ ದಾಟಿ ಮಂಟಪ ಹೊಕ್ಕ ಮೇಲೆ ಗಂಡಿನ ಸೋದರಮಾವ ರಾಮಚಂದ್ರಪ್ಪ ಎಂಬುವರು ಹತ್ತಿರ ಬಂದು, ಯಾವ ಕಡೆಯವರೆಂದು ವಿಚಾರಿಸಿದರು. ಕಸ್ತೂರಮ್ಮನವರೇ, "ನಾವು ಆ ಕಡೆಯವ್ರು ರೀ, ಈ ಕಡೆ ಬರಾಕ ಬೇರೆ ದಾರಿ ಇರ್ಲಿಲ್ಲ" ಎಂದರು. ರಾಮಚಂದ್ರಪ್ಪನವರು ವಾಕರನ್ನು ನೋಡಿದರು, ಹೊರಗೆ ಮತ್ತೆ ಓಡತೊಡಗಿದ್ದ ತಮ್ಮನ್ನು ನೋಡಿದರು, "ಮೊದ್ಲು ಊಟಕ್ಕೆ ಕೂಡ್ರಿ ತಾಯಿ" ಎಂದು ಪಂಕ್ತಿಯ ತುದಿಯಲ್ಲಿ ಕೂರಿಸಿ ತಾವೇ ಹೋಳಿಗೆ ಬಡಿಸಿದರು. ಊಟ ಮುಗಿಸಿ ಅಡುಗೆ ಮನೆಯ ಹಿಂಬಾಗಿಲಿನಿಂದ ಒಳ ಓಣಿ ಹಿಡಿದು, ನಿಂತು ನಿಂತು ನಡೆದು, ಮೂರು ಗಂಟೆಗೆ ಕಸ್ತೂರಮ್ಮನವರು ಅವರ ಮನೆ ಮುಟ್ಟಿದರು. ಪೂಜಾ ಓಡಿ ಬಂದು ತಬ್ಬಿಕೊಂಡಳು. ಇಷ್ಟು ದಿನ ಏನು ಕೂಗುತ್ತಿದ್ದೆ ಎಂದು ಅಜ್ಜಿ ಕೇಳಿದ್ದಕ್ಕೆ, "ರೋಡ್ ದಾಟಬ್ಯಾಡಜ್ಜಿ, ಅಲ್ಲೇ ಇರು ಅಂತಿದ್ದೆ" ಎಂದಳು.

ನಾನು ಖಲೀಲನ ಆಟೋದಲ್ಲಿ ವಾಪಸು ಬಂದೆ. ನನ್ನ ಮಟ್ಟಿಗೆ ತಾವು ಗೆದ್ದಿದ್ದೀರಿ, ಒಪ್ಪಿಕೊಂಡಿದ್ದೇನೆ. ಗೋಡೆಯಲ್ಲಿ ವಾಕರ್ ಹಿಡಿಸುವಷ್ಟು, ಬರೀ ನಾಲ್ಕು ಅಡಿಯ ಕಿಂಡಿಯೊಂದನ್ನು ಪಟ್ಟೆಗಳಿರುವ ಕಡೆ ದಯಪಾಲಿಸಿದರೂ ತಮಗೆ ಎಪ್ಪತ್ತಾರು ಅಡಿ ಉಳಿಯುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರುತ್ತಾ, ಭಟ್ಟಿಗೆ ಹೊಗೆ ಏರುವ ಹೊತ್ತಾದ್ದರಿಂದ ಇಲ್ಲಿಗೆ ಕೈ ಮುಗಿಯುತ್ತೇನೆ.

ತಮ್ಮ ವಿಶ್ವಾಸಿ,
ನುಜತ್
(ಎಡ ದಡ)

ತಾ.ಕ.: ಕಸ್ತೂರಮ್ಮನವರು ಮಂಟಪದವರಿಂದ ಈ ತಿಂಗಳ ಮದುವೆಗಳ ಪಟ್ಟಿ ಬರೆಸಿಕೊಂಡಿದ್ದಾರೆ. ಜೋಡಿಯನ್ನು ಗುಡಿಗೆ ಕರೆತರುವ ಮೆರವಣಿಗೆಯಲ್ಲಿ ಕೆಲಸಕ್ಕೆ ಬರುವುದು, ಗಂಡನ್ನು ಮಂಟಪಕ್ಕೆ ಕರೆದೊಯ್ಯುವ ಇನ್ನೊಂದರಲ್ಲಿ ಮನೆಗೆ ಹೋಗುವುದು ಎಂದು ಗೊತ್ತುಮಾಡಿಕೊಂಡಿದ್ದಾರೆ. ಆದರೆ ಇನ್ನು ಮೂರು ವಾರ ಕಳೆದರೆ ಆಷಾಢ, ಮದುವೆಗಳಿಲ್ಲ, ಮಂಟಪಕ್ಕೆ ಬೀಗ. ಆಷಾಢದಲ್ಲೂ ತಾವು ಮರು ಮಾತಿಲ್ಲದೆ ದಾರಿ ಬಿಡುವ ಮೆರವಣಿಗೆ ಒಂದಿದೆ. ಅದರಲ್ಲಿ ಹೂವು ಹೊದ್ದು, ನಾಲ್ವರ ಹೆಗಲ ಮೇಲೆ, ಎಲ್ಲರಿಗಿಂತ ಮುಂದೆ, ಹೆಜ್ಜೆ ಇಡದೆಯೇ ಹೋಗಬಹುದು. ಅದರ ಬಗ್ಗೆ ಆಟೋ ಹತ್ತುವ ಮುಂಚೆ ಕಸ್ತೂರಮ್ಮನವರನ್ನು ಕೇಳಿದೆ. "ಅದಕ್ಕ ನಾ ಇನ್ನೂ ಒಪ್ಪಿಲ್ಲ ಅಂತ ಬರಿ" ಎಂದರು, ಬರೆದಿದ್ದೇನೆ.